ಎಡಕ್ಕೆ ಎಳೆಯುವ ಗಾಡಿ

"ಎಡಕ್ಕೆ ಎಳೀತಿದೆ" ಎಂದಳು ಸ್ಟ್ರೆಚರಮ್ಮ.

ಯಾರೂ ಕೇಳಲಿಲ್ಲ. ಎಲ್ಲರೂ ಗಾಡಿಯ ಕೊಡೆ ನೋಡುತ್ತಿದ್ದರು.

ಮಗುವಿನ ಗಾಡಿ ಮನೆಗೆ ಬಂದದ್ದು ಗುರುವಾರ. ಕೊಡಿಸಿದವರು ಬೀಗಿತಿ, ಅಂದರೆ ಅಳಿಯನ ತಾಯಿ. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಕಂಡವರೆಲ್ಲ ಅವರನ್ನು ಹೆಡ್‌ಮೇಡಂ ಅನ್ನುತ್ತಾರೆ. ಹೆತ್ತ ಮಗನೂ ಹೆದರಿಕೆ ಜಾಸ್ತಿಯಾದಾಗ ಹಾಗೇ ಅನ್ನುತ್ತಾನೆ.

ಗಾಡಿಗೆ ಕೊಡೆ ಇತ್ತು. ಕೊಡೆಗೆ ಕಿಟಕಿ ಇತ್ತು. ಕಿಟಕಿಗೆ ಪರದೆ ಇತ್ತು. ತಳ್ಳುವವರು ಕಾಫಿ ಲೋಟ ಇಡಲಿಕ್ಕೆ ಬಳೆಯಂಥ ಒಂದು ಜಾಗವೂ ಇತ್ತು. (ಹೆತ್ತ ಮೇಲೆ ಬಿಸಿ ಕಾಫಿ ಕುಡಿದ ತಾಯಿಯನ್ನು ಸ್ಟ್ರೆಚರಮ್ಮ ಈವರೆಗೆ ಕಂಡಿಲ್ಲ. ಜಾಗ ಮಾತ್ರ ಚೆನ್ನಾಗಿತ್ತು.)

"ಎಡಕ್ಕೆ ಎಳೀತಿದೆ ಅಂದೆ" ಎಂದಳು ಮತ್ತೆ.

"ನೀವಿನ್ನೂ ಮುಟ್ಟೇ ಇಲ್ವಲ್ಲ ಅತ್ತೆ?" ಎಂದ ಅಳಿಯ.

"ಬಾಗಿಲಿಂದ ಸೋಫಾ ತನಕ ನೀವು ತಳ್ಕೊಂಡು ಬಂದ್ರಲ್ಲ ಅಳಿಯಂದ್ರೇ. ಎಡ ಭುಜ ಮುಂದೆ ಬಂದಿತ್ತು. ಗಾಡಿ ನೆಟ್ಟಗಿದ್ರೆ ಭುಜ ಯಾಕೆ ಮುಂದೆ ಬರುತ್ತೆ?"

ಅಳಿಯ ತನ್ನ ಭುಜ ನೋಡಿಕೊಂಡ. ಆಮೇಲೆ ಫೋನು ನೋಡಿದ. "ಇದಕ್ಕೆ ನಾಲ್ಕೂವರೆ ಸ್ಟಾರ್ ಇದೆ ಅತ್ತೆ."

"ಸ್ಟಾರ್ ಕೊಟ್ಟೋರು ಅದರಲ್ಲಿ ಮಲಗಿದ್ರಾ?"

ಮಗಳು ಒಳಗಿನಿಂದ ಕೂಗಿದಳು. "ಅಮ್ಮಾ, ಶುರು ಮಾಡ್ಬೇಡ."

ಸ್ಟ್ರೆಚರಮ್ಮ ಎಂಬುದು ಆಸ್ಪತ್ರೆ ಇಟ್ಟ ಹೆಸರು. ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಸ್ಟ್ರೆಚರ್ ತಳ್ಳಿದವಳು. ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಆಪರೇಷನ್ನಿಗೆ, ಅಲ್ಲಿಂದ ಮತ್ತೆ ವಾರ್ಡಿಗೆ. ಕೆಲವರನ್ನು ವಾರ್ಡಿಗೆ ಅಲ್ಲ, ಹಿಂದಿನ ಬಾಗಿಲಿಗೆ. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದಬೇಕು. ಚಕ್ರವನ್ನು ಮಾತ್ರ ಒಂದೇ ಉಸಿರಿಗೆ ಓದುತ್ತಾಳೆ.

ಅವಳ ಗಂಡ ಅದೇ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿದ್ದ. ಚಕ್ರ ಇರುವುದೆಲ್ಲ ಅವನ ಪಾಲಿಗೆ. ಕೆಟ್ಟ ಸ್ಟ್ರೆಚರ್ ಬಂದರೆ ಇಬ್ಬರದೂ ಒಂದು ಪದ್ಧತಿ. ಅವಳು ಕಾರಿಡಾರಿನ ಈ ತುದಿಯಲ್ಲಿ ನಿಂತು ಖಾಲಿ ಸ್ಟ್ರೆಚರನ್ನು ಮೆಲ್ಲಗೆ ನೂಕಿ ಕೈ ಬಿಡುವುದು. ಅವನು ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಚಕ್ರ ಬರುವ ಚಂದ ನೋಡುವುದು. ಹತ್ತಿರ ಬಂದ ಕೂಡಲೇ ಹಿಡಿಯುವುದು. "ಎಡ. ಅರ್ಧ ಸುತ್ತು" ಎನ್ನುವುದು. ಅರ್ಧ ಸುತ್ತು ನಟ್ಟು ತಿರುಗಿಸಿ, ಎಣ್ಣೆ ಬಿಟ್ಟು, ಸ್ಟ್ರೆಚರಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು ತಳ್ಳಿಸುವುದು. ಒಂದು ಹನಿ ತುಳುಕಿದರೂ ಫೇಲು.

"ತಳ್ಳೋರನ್ನ ಕೇಳ್ಬೇಡ, ಮಲಗಿದೋರನ್ನ ಕೇಳು" ಎನ್ನುವನು. ಅವರ ಸಂಸಾರದ ಅರ್ಧ ಮಾತುಕತೆ ಇಷ್ಟೇ. ಮಿಕ್ಕರ್ಧ ಜಗಳ.

ಹೋದ ವರ್ಷ ಅವನು ಹೋದ. ಕೊನೆಯ ಸಲ ಅವನನ್ನು ತಳ್ಳಿದವಳೂ ಅವಳೇ. ಬೇರೆಯವರು ಮುಂದೆ ಬಂದರು, ಬಿಡಲಿಲ್ಲ. ಉದ್ದ ಕಾರಿಡಾರು. ಚಕ್ರ ಒಂದು ಸಲವೂ ಕಿರ್ ಅನ್ನಲಿಲ್ಲ. ಹಿಂದಿನ ವಾರ ಅವನೇ ಎಣ್ಣೆ ಹಾಕಿದ್ದ.

ಉದ್ದ ಮೂಗಿನ ಆ ಎಣ್ಣೆ ಡಬ್ಬಿ ಈಗ ಅವಳ ಸೊಂಟದ ಚೀಲದಲ್ಲಿದೆ. ಬಾಣಂತನಕ್ಕೆಂದು ಮಗಳ ಮನೆಗೆ ಬಂದು ಆರು ತಿಂಗಳು. ಬಾಗಿಲು, ಕಿಟಕಿ, ಫ್ಯಾನು, ಬೀರು, ಎಲ್ಲಕ್ಕೂ ಎಣ್ಣೆ ಆಗಿದೆ. ಅಳಿಯ ಕಂಪ್ಯೂಟರ್ ಮುಂದೆ ಕೂರುವ ಚಕ್ರದ ಕುರ್ಚಿಗೂ ಹಾಕಿದಳು. ಅವನು ಗೊತ್ತಿಲ್ಲದೆ ಕೂತು, ಜಾರಿ, ಎದುರು ಗೋಡೆ ಮುಟ್ಟಿದ. ಏನೂ ಅನ್ನಲಿಲ್ಲ. ಒಳ್ಳೆಯವನು.

ಮಗಳು ಸೋಮವಾರದಿಂದ ಕೆಲಸಕ್ಕೆ ಹೋಗಬೇಕು. ಕೂಸಿಗೆ ಒಂದು ಗುಣವಿದೆ. ಸಂಜೆ ಐದಕ್ಕೆ ಸುತ್ತಾಡಿಸಿದರೆ ನಿದ್ದೆ ಮಾಡುತ್ತದೆ. ಇಲ್ಲದಿದ್ದರೆ ಎಂಟರವರೆಗೆ ಕಿರುಚುತ್ತದೆ. ಇಷ್ಟು ದಿನ ಮಗಳು ಹೆಗಲಿಗೆ ಹಾಕಿಕೊಂಡು ಸುತ್ತಿದಳು. ಅವಳ ಬೆನ್ನು ಹಿಡಿದುಕೊಂಡಿತು. ಇನ್ನು ಮುಂದೆ ಗಾಡಿ. ತಳ್ಳುವವಳು ಅಜ್ಜಿ. ಹಾಗಂತ ಮಾತಾಗಿತ್ತು.

ಶುಕ್ರವಾರ ಸಂಜೆ ಸ್ಟ್ರೆಚರಮ್ಮ ಕೂಸನ್ನು ಬೆಲ್ಟು ಹಾಕಿ ಕೂರಿಸಿ ಕೆಳಗಿನ ಅಂಗಳಕ್ಕೆ ಇಳಿದಳು. ಗಾಡಿ ಕಟ ಕಟ ಅಂದಿತು. ನಾಲ್ಕು ಹೆಜ್ಜೆಗೊಮ್ಮೆ ಜಗ್ಗಿತು. ಎಡಕ್ಕೆ ಎಳೆಯಿತು. ಅವಳಿಗೆ ನಾಚಿಕೆಯಾಯಿತು. ಇಂಥ ಚಕ್ರವನ್ನು ಆಸ್ಪತ್ರೆಯ ಕಸದ ಡಬ್ಬಕ್ಕೂ ಹಾಕುತ್ತಿರಲಿಲ್ಲ. ಮೂರನೇ ಸುತ್ತಿಗೆ ತಲೆಯೆತ್ತಿದರೆ ಮಗಳು ಅಳಿಯ ಬಾಲ್ಕನಿಯಲ್ಲಿ ನಿಂತಿದ್ದರು.

"ನೋಡಿ ಈಗ!" ಎಂದು ಕೂಗಿದಳು. ಮೆಲ್ಲಗೆ ನೂಕಿದಳು. ಕೈ ಬಿಟ್ಟಳು.

ಗಾಡಿ ಆಮೆಯ ಹಾಗೆ ಹೊರಟಿತು. ಎಡಕ್ಕೆ, ಇನ್ನೂ ಎಡಕ್ಕೆ. ಅವಳು ಆ ತುದಿ ನೋಡಿದಳು. ಅಲ್ಲಿ ಹಿಡಿಯುವವರು ಯಾರೂ ಇರಲಿಲ್ಲ. ಅದು ಅವಳಿಗೆ ಕೈ ಬಿಟ್ಟ ಮೇಲೆ ನೆನಪಾಯಿತು.

ಓಡಿದಳು. ಅಷ್ಟರಲ್ಲಿ ಗಾಡಿ ಕಟ್ಟಡದ ಕಾರ್ಯದರ್ಶಿಯ ಹೂಕುಂಡಕ್ಕೆ ಗುದ್ದಿ ನಿಂತಿತು. ಕುಂಡ ಒಡೆಯಿತು. ಕೂಸು ಅಳಲಿಲ್ಲ. ನಿದ್ದೆ ಮಾಡುತ್ತಿತ್ತು. ಆ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

"ಕೈ ಯಾಕೆ ಬಿಟ್ಟೆ ಅಮ್ಮಾ?" ಮಗಳು ಮೆಟ್ಟಿಲಿಳಿದು ಓಡಿ ಬಂದಿದ್ದಳು.

"ಎಡಕ್ಕೆ ಎಳೆಯೋದನ್ನ ತೋರಿಸೋಕೆ."

"ಮಗೂನ ಕೂರಿಸ್ಕೊಂಡಾ?"

ತುಂಬಿದ ಸ್ಟ್ರೆಚರಿನ ಕೈ ಅವಳು ಒಮ್ಮೆಯೂ ಬಿಟ್ಟವಳಲ್ಲ. ತಪ್ಪು ತಪ್ಪೇ.

ಸುದ್ದಿ ಹೆಡ್‌ಮೇಡಂಗೆ ಮುಟ್ಟಿತು. ಫೋನಿನಲ್ಲಿ ಅವರ ಧ್ವನಿ ಇಡೀ ಮನೆಗೆ ಕೇಳಿತು.

"ನಾನು ಯಾರನ್ನೂ ದೂರಲ್ಲ. ಬೀಗಿತಿಯವರಿಗೂ ವಯಸ್ಸಾಯ್ತು. ಮಗೂನ ಡೇಕೇರ್‌ಗೆ ಸೇರಿಸಿ. ಅವರು ಆರಾಮಾಗಿ ತಮ್ಮನೆಗೆ ಹೋಗ್ಲಿ."

(ಹೆಡ್‌ಮೇಡಂ ಅವಳಿಗಿಂತ ಎರಡು ವರ್ಷ ದೊಡ್ಡವರು.)

ತಮ್ಮನೆ ಎಂದರೆ ಒಂದು ಕೋಣೆ. ಎರಡು ಮಂಚ. ಒಂದರ ಮೇಲೆ ಹೊದಿಕೆ ಮಡಚಿಟ್ಟ ಹಾಗೇ ಇದೆ. ಸ್ಟ್ರೆಚರಮ್ಮ ಆ ಕೋಣೆಗೆ ಆರಾಮಾಗಿ ಹೋಗುವ ಪೈಕಿ ಅಲ್ಲ.

"ಭಾನುವಾರದ ತನಕ ಟೈಮ್ ಕೊಡು" ಎಂದಳು ಮಗಳಿಗೆ. "ಕೈ ಬಿಟ್ಟಿದ್ದು ನಂದೇ ತಪ್ಪು. ಇನ್ನು ಬಿಡಲ್ಲ. ಆದ್ರೆ ವಯಸ್ಸು ಅಂತ ಹೇಳ್ಬೇಡಿ. ಗಾಡಿ ನಾನು ಆರಿಸ್ತೀನಿ. ಮೇಲೆ ತುಂಬಿದ ಲೋಟ ಇಟ್ಟು ಕೂಸನ್ನ ಸುತ್ತಿಸ್ತೀನಿ. ಒಂದು ಹನಿ ತುಳುಕಿದ್ರೆ ನಾನೇ ಗಂಟುಮೂಟೆ ಕಟ್ತೀನಿ."

"ಮಗು ಮಲಗೋಕೂ ಲೋಟಕ್ಕೂ ಏನಮ್ಮಾ ಸಂಬಂಧ?"

"ಇದೆ."

ಮಗಳು ಗಂಡನ ಮುಖ ನೋಡಿದಳು. ಗಂಡ ಫೋನು ನೋಡಿದ. ಮಾತು ಗಟ್ಟಿಯಾಯಿತು.

ಕೂಸಿನ ತೂಕ ಏಳು ಕೆಜಿ. ಶನಿವಾರ ಬೆಳಿಗ್ಗೆ ಸ್ಟ್ರೆಚರಮ್ಮ ಒಂದು ಬಟ್ಟೆ ಚೀಲಕ್ಕೆ ಏಳು ಕೆಜಿ ಹಿಟ್ಟು ತುಂಬಿ ಬಾಯಿ ಕಟ್ಟಿದಳು. ಬರೀ ಚೀಲ ಹೊತ್ತರೆ ಅಂಗಡಿಯವರು ಒಳಗೆ ಬಿಡಲಿಕ್ಕಿಲ್ಲ. ಅದಕ್ಕೆ ಕೂಸಿನ ಹಳೇ ಅಂಗಿ ತೊಡಿಸಿದಳು. ಟೋಪಿ ಹಾಕಿದಳು. ಮುಖದ ಜಾಗಕ್ಕೆ ತೆಳು ಬಟ್ಟೆ ಮುಚ್ಚಿದಳು. ಅಳಿಯನ ಕೈಗೆ ಕೊಟ್ಟಳು.

"ಕತ್ತಿನ ಕೆಳಗೆ ಕೈ ಕೊಡಿ ಅಳಿಯಂದ್ರೇ."

"ಇದಕ್ಕೆ ಕತ್ತಿಲ್ಲ ಅತ್ತೆ."

"ಇದೆ ಅಂದ್ಕೊಳ್ಳಿ. ನೋಡೋರಿಗೆ ಬೇಕು."

ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟಳು. "ಎಷ್ಟು ಸಾಧು ಮಗು! ಒಂಚೂರೂ ಅಳಲ್ಲ" ಎಂದಳು.

"ಅವರಜ್ಜಿ ಸಾಕಿದ್ದು" ಎಂದ ಅಳಿಯ. ಸ್ಟ್ರೆಚರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಬಹಳ ದಿನವಾಗಿತ್ತು ನಕ್ಕು.

ಅಂಗಡಿಯ ಬಾಗಿಲಲ್ಲಿ ಹೆಡ್‌ಮೇಡಂ ಕಾಯುತ್ತಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಕೆಂಪು ಪೆನ್ನು.

"ನ್ಯಾಯವಾಗಿ ನಡೀಬೇಕು ನೋಡಿ. ಅದಕ್ಕೇ ಬಂದೆ. ಒಟ್ಟು ನೂರು ಅಂಕ."

"ಬನ್ನಿ ಬೀಗಿತಿಯವರೇ. ಬರ್ಕೊಳ್ಳೋರು ಬೇಕಿತ್ತು."

ಒಳಗೆ ಟೈ ಕಟ್ಟಿದ ಸೇಲ್ಸ್‌ಮನ್ ನಗುನಗುತ್ತಾ ಬಂದ. ಬೆಳ್ಳಿಯ ಬಣ್ಣದ, ಮೂತಿ ಚೂಪಾದ ಒಂದು ಗಾಡಿಯ ಬೆನ್ನು ತಟ್ಟಿದ.

"ಮೇಡಂ, ಇದು ಏರೋಡೈನಮಿಕ್ ಡಿಸೈನ್. ಗಾಳಿ ಸೀಳ್ಕೊಂಡು ಹೋಗುತ್ತೆ."

"ಕೂಸು ಎಲ್ಲಿಗೆ ಅಷ್ಟು ಅರ್ಜೆಂಟಾಗಿ ಹೋಗ್ಬೇಕು?"

ಸೇಲ್ಸ್‌ಮನ್‌ನ ನಗು ಅರ್ಧ ಕಡಿಮೆಯಾಯಿತು. ಸ್ಟ್ರೆಚರಮ್ಮ ಹಿಟ್ಟಿನ ಕೂಸನ್ನು ಆ ವಿಮಾನದಲ್ಲಿ ಮಲಗಿಸಿದಳು. ಬ್ರೇಕು ಒತ್ತಿದಳು. ಆಮೇಲೆ ಮಂಡಿಯಿಂದ ಹಿಂಬದಿಗೆ ಒಂದು ಗುದ್ದು ಕೊಟ್ಟಳು. ಆಸ್ಪತ್ರೆಯಲ್ಲಿ ಬ್ರೇಕು ನೋಡುವುದು ಹಾಗೆಯೇ.

ಬ್ರೇಕು ಹಿಡಿಯಿತು. ಚಕ್ರ ಕದಲಲಿಲ್ಲ. ಗಾಡಿ ಮಾತ್ರ ನಡುವಿನಲ್ಲಿ ಮಡಚಿಕೊಂಡು, ಒಳಗಿದ್ದದ್ದನ್ನು ಮುಂದಕ್ಕೆ ಎಸೆಯಿತು.

ಹಿಟ್ಟಿನ ಕೂಸು ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ನೆಲಕ್ಕೆ ದೊಪ್ಪನೆ ಬಿತ್ತು. ಟೋಪಿ ಉರುಳಿಕೊಂಡು ಹೋಯಿತು. ಬಸುರಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ದೊಡ್ಡ ಮೀಸೆಯ ಗಂಡಸೊಬ್ಬ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಅಂಗಡಿಗೆ ಅಂಗಡಿಯೇ ಉಸಿರು ಹಿಡಿಯಿತು.

"ಫೇಲು" ಎಂದಳು ಸ್ಟ್ರೆಚರಮ್ಮ ತಣ್ಣಗೆ. "ಬರ್ಕೊಳ್ಳಿ ಬೀಗಿತಿಯವರೇ."

"ಎಷ್ಟು ಕೊಡ್ಲಿ?"

"ಸೊನ್ನೆ."

ಜನ ಈ ಇಬ್ಬರು ಅಜ್ಜಿಯರನ್ನು ನೋಡಿದರು. ಇಂಥ ಕಲ್ಲು ಹೃದಯ ಎಲ್ಲಿಯೂ ಕಂಡಿರಲಿಲ್ಲ. ಅಳಿಯ ಓಡಿಹೋಗಿ ಕೂಸನ್ನು ಎತ್ತಿಕೊಂಡ. ಹೊಲಿಗೆ ಬಿಟ್ಟ ಕಡೆಯಿಂದ ಬುಸ್ಸನೆ ಹಿಟ್ಟು ಹಾರಿ ಅವನ ಮುಖಕ್ಕೆ ಮೆತ್ತಿಕೊಂಡಿತು.

"ಹಿಟ್ಟು!" ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ಬರೀ ಹಿಟ್ಟು ಇದು! ಮಗು ಮನೇಲಿದೆ!"

ಮ್ಯಾನೇಜರು ಧಾವಿಸಿ ಬಂದ. "ಏನಿದು? ಏನ್ ನಡೀತಿದೆ ಇಲ್ಲಿ?"

"ಪರೀಕ್ಷೆ" ಎಂದರು ಹೆಡ್‌ಮೇಡಂ.

ಮೂವತ್ತು ವರ್ಷ ಆ ಒಂದು ಮಾತು ಹೇಳಿ ಹದವಾದ ಗಂಟಲು ಅದು. ಮ್ಯಾನೇಜರಿನ ಕೈ ತಾನಾಗಿ ಕಟ್ಟಿಕೊಂಡಿತು. ಸೇಲ್ಸ್‌ಮನ್ ಟೈ ಸರಿಮಾಡಿಕೊಂಡ.

ಬಸುರಿ ಹೆಂಗಸು ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಅಮ್ಮಾ, ಅದನ್ನೇ ನಾವು ಪ್ಯಾಕ್ ಮಾಡಿಸ್ತಿದ್ವಿ. ಬೇರೆ ಯಾವುದು ತಗೊಳ್ಳೋಣ?"

"ಇರಮ್ಮ. ಎಲ್ಲಾ ನೋಡ್ತೀನಿ."

ನೋಡಿದಳು. ಮೂರು ಚಕ್ರದ್ದನ್ನು ತಿರುವಿನಲ್ಲಿ ತಿರುಗಿಸಿದಳು. ಅದು ಒಂದು ಕಾಲೆತ್ತಿತು. ಎತ್ತರದ ಒಂದಕ್ಕೆ ಕೂಸನ್ನು ಹಾಕುವಷ್ಟರಲ್ಲಿ ಹೆಡ್‌ಮೇಡಂ ತುದಿಗಾಲಲ್ಲಿ ನಿಲ್ಲಬೇಕಾಯಿತು. "ಒಂಟೆ" ಎಂದು ಷರಾ ಬರೆದರು. ಇನ್ನೊಂದನ್ನು ಒಂದೇ ಕೈಯಲ್ಲಿ ಮಡಚಬಹುದು ಎಂದ ಸೇಲ್ಸ್‌ಮನ್. ಸ್ಟ್ರೆಚರಮ್ಮ ಹಿಟ್ಟಿನ ಕೂಸನ್ನು ಅವನ ಹೆಗಲಿಗೇ ಹಾಕಿದಳು. "ಮಡಚಪ್ಪ" ಎಂದಳು. ಅವನು ಕೈಯಲ್ಲಿ ಎಳೆದ, ಕಾಲಲ್ಲಿ ಒತ್ತಿದ, ಗದ್ದದಿಂದ ನೂಕಿದ. ಕೊನೆಗೆ ಟೈ ಸಂದಿಗೆ ಸಿಕ್ಕಿಕೊಂಡಿತು. ಮ್ಯಾನೇಜರು ಬಿಡಿಸಿದ.

ಹೆಡ್‌ಮೇಡಂ ಉಡುಗೊರೆ ಕೊಟ್ಟ ಮಾದರಿಯೂ ಅಲ್ಲಿತ್ತು. ಅದನ್ನೂ ತಳ್ಳಿದಳು. ಕಟ ಕಟ. ಎಡಕ್ಕೆ.

"ಒಂದೇ ಅಲ್ಲ, ಇಡೀ ವಂಶವೇ ಹೀಗೆ" ಎಂದಳು.

ಹೆಡ್‌ಮೇಡಂ ಪೆನ್ನು ಎತ್ತಿದರು. "ಕೊಟ್ಟಿದ್ದು ನಾನೇ. ಆದ್ರೂ ನ್ಯಾಯ ನ್ಯಾಯವೇ. ಹನ್ನೆರಡು" ಎಂದು ಬರೆದರು. ಅವತ್ತೇ ಮೊದಲು ಸ್ಟ್ರೆಚರಮ್ಮನಿಗೆ ಬೀಗಿತಿಯ ಮೇಲೆ ಗೌರವ ಬಂತು.

ಅಷ್ಟು ಹೊತ್ತಿಗೆ ಹಿಂದೆ ಸಾಲು ಬೆಳೆದಿತ್ತು. ಮೀಸೆಯ ಗಂಡಸು ಅವಳಿ ಮಕ್ಕಳ ಗಾಡಿ ತಂದು ನಿಲ್ಲಿಸಿದ. "ಇದನ್ನೂ ಸ್ವಲ್ಪ ನೋಡಿಬಿಡಿ ಅಮ್ಮ" ಎಂದ.

"ಎಲ್ಲರಿಗೂ ಒಂದೇ ಮಾತು ಹೇಳ್ತೀನಿ" ಎಂದಳು ಸ್ಟ್ರೆಚರಮ್ಮ, ಅಂಗಡಿಯ ನಡುವೆ ನಿಂತು. "ನಮ್ಮನೆಯವರು ಹೇಳ್ತಿದ್ರು. ತಳ್ಳೋರನ್ನ ಕೇಳ್ಬೇಡ, ಮಲಗಿದೋರನ್ನ ಕೇಳು. ಅಷ್ಟೇ."

"ಎಂಥಾ ಮಾತು!" ಎಂದರು ಹೆಡ್‌ಮೇಡಂ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. (ಈ ಗೆರೆಗಳನ್ನು ಓದುವವರು ನೆನಪಿಟ್ಟುಕೊಳ್ಳಬೇಕು.)

ಗೆದ್ದ ಗಾಡಿ ಮೂಲೆಯಲ್ಲಿತ್ತು. ಬೂದು ಬಣ್ಣ. ಧೂಳು ಹಿಡಿದಿತ್ತು. ಕೊಡೆಗೆ ಕಿಟಕಿ ಇಲ್ಲ, ಕಾಫಿಗೆ ಬಳೆ ಇಲ್ಲ. "ಅದು ಹಳೇ ಮಾಡೆಲ್ ಮೇಡಂ, ಯಾರೂ ತಗೊಳ್ಳಲ್ಲ" ಎಂದ ಸೇಲ್ಸ್‌ಮನ್. ಸ್ಟ್ರೆಚರಮ್ಮ ಎರಡು ಬೆರಳಲ್ಲಿ ನೂಕಿದಳು. ಗಾಡಿ ಗೆರೆ ಎಳೆದ ಹಾಗೆ ಹೋಗಿ ಹೆಡ್‌ಮೇಡಂ ಮುಂದೆ ನಿಂತಿತು.

ಅವಳು ಹಿಟ್ಟಿನ ಕೂಸನ್ನು ಅದರಲ್ಲಿ ಮಲಗಿಸಿ, ಚೀಲದಿಂದ ಲೋಟ ತೆಗೆದಳು. ಅಂಚಿನವರೆಗೆ ನೀರು ತುಂಬಿಸಿದಳು. ಗಾಡಿಯ ಕೊಡೆ ಮಡಚಿ ಅದರ ಮೇಲಿಟ್ಟಳು. ಹೊರಟಳು. ಬಾಟಲಿಗಳ ಸಾಲು, ತೊಟ್ಟಿಲುಗಳ ಸಾಲು, ಆಟಿಕೆಗಳ ಸಾಲು. ಹೊಸಿಲಿಗೆ ಬಂದಾಗ ತಿರುಗಿ, ಬೆನ್ನು ಮೊದಲು ಮಾಡಿ, ಹಿಂದಿನ ಚಕ್ರ ದಾಟಿಸಿ, ಮುಂದಿನದನ್ನು ಎತ್ತಿ ಇಳಿಸಿದಳು. ಲಿಫ್ಟಿನ ಬಾಗಿಲಲ್ಲಿ ಕಲಿತ ವಿದ್ಯೆ. ಜನ ಹಿಂದೆ ಹಿಂದೆ ಬಂದರು. ಯಾರೂ ಕೆಮ್ಮಲಿಲ್ಲ. ಮತ್ತೆ ಒಳಗೆ ಬಂದು ಮ್ಯಾನೇಜರಿನ ಮೇಜಿನ ಮುಂದೆ ನಿಲ್ಲಿಸಿದಳು.

ಹೆಡ್‌ಮೇಡಂ ಕನ್ನಡಕ ಏರಿಸಿ ಲೋಟದ ಸುತ್ತ ಬೆರಳಾಡಿಸಿದರು. ಒಣಗಿತ್ತು.

ಚಪ್ಪಾಳೆ ಬಿತ್ತು. ಮೀಸೆಯವನು ಶಿಳ್ಳೆ ಹೊಡೆದ. ಮ್ಯಾನೇಜರು ಅದೇ ಬೂದು ಗಾಡಿಗಳನ್ನು ಗೋದಾಮಿನಿಂದ ತರಿಸಲು ಫೋನು ಎತ್ತಿದ.

"ತೊಂಬತ್ತೆಂಟು" ಎಂದರು ಹೆಡ್‌ಮೇಡಂ.

"ಎರಡು ಯಾಕೆ ಹೋಯ್ತು?"

"ನೂರು ನಾನು ಯಾರಿಗೂ ಕೊಟ್ಟಿಲ್ಲ. ನನ್ನ ಮಗನಿಗೂ."

ಹಿಟ್ಟು ಮೆತ್ತಿದ ಮಗ ತಲೆ ತಗ್ಗಿಸಿದ.

ಭಾನುವಾರ ಸಂಜೆ ಐದಕ್ಕೆ ಇಡೀ ಕಟ್ಟಡ ಬಾಲ್ಕನಿಗೆ ಬಂದು ನಿಂತಿತ್ತು. ಸುದ್ದಿ ಹೇಗೆ ಹರಡಿತೋ ಗೊತ್ತಿಲ್ಲ. (ಅಳಿಯ ಕಟ್ಟಡದ ಗುಂಪಿಗೆ ಮೆಸೇಜ್ ಹಾಕಿದ್ದ.) ಕಾರ್ಯದರ್ಶಿ ಉಳಿದ ಹೂಕುಂಡಗಳನ್ನು ಕೈಯಾರೆ ಬದಿಗೆ ಸರಿಸಿದ. ಒಂದು ಮಾತ್ರ ಭಾರ ಎಂದು ಬಿಟ್ಟ.

ಈ ಸಲ ನಿಜವಾದ ಕೂಸು. ನಿಜವಾದ ಲೋಟ. ಸ್ಟ್ರೆಚರಮ್ಮ ಸೆರಗು ಸಿಕ್ಕಿಸಿ ಹೊರಟಳು. ಒಂದು ಸುತ್ತು. ಎರಡು. ಐದು. ಹತ್ತು. ಬೂದು ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಸದ್ದಿಲ್ಲ, ಜಗ್ಗಾಟವಿಲ್ಲ. ಒಂದು ಹನಿ ತುಳುಕಲಿಲ್ಲ. ಬಾಲ್ಕನಿಗಳು ಚಪ್ಪಾಳೆ ತಟ್ಟಿದವು. ಕಾರ್ಯದರ್ಶಿಯೂ ತಟ್ಟಿದ.

ಮಗಳು ಇಳಿದು ಬಂದಳು. "ಒಪ್ಪಿದೆ ಅಮ್ಮಾ. ನಿನ್ನ ಕೈಯಂಥ ಕೈ ಇಲ್ಲ" ಎಂದಳು. ಸ್ಟ್ರೆಚರಮ್ಮ ಎದೆಯುಬ್ಬಿಸಿ ನಿಂತಳು. ಜೀವನದಲ್ಲಿ ಇಷ್ಟು ಜನರ ಮುಂದೆ ಅವಳು ಗೆದ್ದಿರಲಿಲ್ಲ.

"ಮಲಗಿತಾ?" ಎಂದರು ಹೆಡ್‌ಮೇಡಂ.

ಎಲ್ಲರೂ ಬಗ್ಗಿ ನೋಡಿದರು. ಕೂಸು ಎರಡೂ ಕಣ್ಣು ಅರಳಿಸಿಕೊಂಡು ಲೋಟ ನೋಡುತ್ತಿತ್ತು.

"ಈಗ ಮಲಗುತ್ತೆ" ಎಂದಳು ಸ್ಟ್ರೆಚರಮ್ಮ.

ಇನ್ನೂ ಹತ್ತು ಸುತ್ತು ಹೊಡೆದಳು. ಕೂಸು ಕಾಲು ಆಡಿಸಿತು. ಇನ್ನೂ ಹತ್ತು. ಮುಖ ಕೆಂಪಾಯಿತು. ಮೂವತ್ತನೆಯ ಸುತ್ತಿಗೆ ಬಾಯಿ ತೆರೆಯಿತು. ಅದರ ಕಿರುಚಾಟಕ್ಕೆ ಬಾಲ್ಕನಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಲೋಟದ ನೀರು ಮಾತ್ರ ಅಲುಗದೆ ಕೂತಿತ್ತು.

"ಸುಮ್ನೆ ಒಂದು ನೋಡೋಣ" ಎಂದು ಅಳಿಯ ಮೇಲೆ ಹೋಗಿ ಹೆಡ್‌ಮೇಡಂ ಕೊಡಿಸಿದ್ದ ಗಾಡಿ ಇಳಿಸಿಕೊಂಡು ಬಂದ. ಕೂಸನ್ನು ಅದರಲ್ಲಿ ಹಾಕಿ ತಳ್ಳಿದ. ಕಟ ಕಟ. ಜಗ್ಗು. ಕಟ ಕಟ. ಜಗ್ಗು. ಅಳು ಗಕ್ಕನೆ ನಿಂತಿತು. ಕೂಸು ಆಕಳಿಸಿತು.

ಸ್ಟ್ರೆಚರಮ್ಮನ ಮುಖ ಸಣ್ಣದಾಯಿತು.

ಆದರೆ ಆರನೇ ಹೆಜ್ಜೆಗೆ ಗಾಡಿ ಅಳಿಯನನ್ನು ಎಡಕ್ಕೆ ಎಳೆದುಕೊಂಡು ಹೋಗಿ ಗೋಡೆಗೆ ತಾಗಿಸಿ ನಿಂತಿತು. ನಿಂತ ಕೂಡಲೇ ಕೂಸು ಕಿರುಚಿತು. ಮಗಳು ಗಾಡಿ ಕಿತ್ತುಕೊಂಡಳು. ಅವಳು ಹೋಗಿ ನಿಂತದ್ದು ಉಳಿದಿದ್ದ ಆ ಒಂದು ಕುಂಡದ ಹತ್ತಿರ. ಕಾರ್ಯದರ್ಶಿ ಓಡಿ ಬಂದು ಅದನ್ನು ತಬ್ಬಿಕೊಂಡು ಕೂತ.

"ಕೊಡಿ ಇಲ್ಲಿ" ಎಂದರು ಹೆಡ್‌ಮೇಡಂ. "ಶಿಸ್ತು ಬೇಕು." ಅವರು ಬಲವಾಗಿ ಹಿಡಿದು ತಳ್ಳಿದರು. ಗಾಡಿಯೂ ಅವರೂ ಒಂದೇ ಜಾಗದಲ್ಲಿ ನಾಲ್ಕು ಸಲ ಗುಂಡಗೆ ತಿರುಗಿದರು. ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತರು. ಕೂಸು ಮತ್ತೆ ಬಾಯಿ ತೆರೆಯಿತು.

ಎಲ್ಲರೂ ಸ್ಟ್ರೆಚರಮ್ಮನನ್ನು ನೋಡಿದರು.

ಅವಳು ಯಾರನ್ನೂ ನೋಡದೆ ಬಂದಳು. ಎಡ ಅಂಗೈಯಲ್ಲಿ ನೂಕಿ, ಬಲಗೈಯ ಎರಡು ಬೆರಳಲ್ಲಿ ಹಿಂದಕ್ಕೆ ಹಿಡಿದಳು. ಅಷ್ಟೇ. ಎಡಕ್ಕೆ ಎಳೆಯುವ ಗಾಡಿ ನೆಟ್ಟಗೆ ಹೊರಟಿತು. ಕಟ ಕಟ ಕಟ ಕಟ. ಎರಡನೇ ಸುತ್ತು ಮುಗಿಯುವ ಮೊದಲೇ ಕೂಸಿನ ತಲೆ ಪಕ್ಕಕ್ಕೆ ವಾಲಿತು.

ಮೆಟ್ಟಿಲ ಮೇಲೆ ಹೆಡ್‌ಮೇಡಂ ನೋಟ್‌ಬುಕ್ಕು ತೆರೆದರು. ಮೊದಲ ಪುಟ. ಎರಡು ಗೆರೆ ಎಳೆದ ಜಾಗ.

"'ತಳ್ಳೋರನ್ನ ಕೇಳ್ಬೇಡ, ಮಲಗಿದೋರನ್ನ ಕೇಳು.' ಯಾರು ಹೇಳಿದ್ದು ಬೀಗಿತಿಯವರೇ?"

"ನಮ್ಮನೆಯವರು."

"ಅಂಗಡೀಲಿ?"

"ನಾನು."

"ಕೇಳಿದ್ದಾಯ್ತು. ಉತ್ತರ ಬಂತು." ಪಿಸುಮಾತಿನಲ್ಲೂ ಅವರ ಗಂಟಲು ಗಂಭೀರವಾಗಿತ್ತು. "ಮರುಮೌಲ್ಯಮಾಪನ!" ಹನ್ನೆರಡನ್ನು ಹೊಡೆದು ಹಾಕಿದರು. ಪಕ್ಕದಲ್ಲಿ ನೂರು ಎಂದು ಬರೆದರು.

"ನೂರು ಯಾರಿಗೂ ಕೊಡಲ್ಲ ಅಂದಿದ್ರಿ?"

"ಈ ತನಕ ಯಾರೂ ತೆಗೆದಿರ್ಲಿಲ್ಲ. ಪರೀಕ್ಷಕರು ಸಹಿ ಹಾಕ್ಬೇಕು."

ಸ್ಟ್ರೆಚರಮ್ಮ ಒಂದು ಕೈಯಲ್ಲಿ ಗಾಡಿ ಆಡಿಸುತ್ತಾ ಇನ್ನೊಂದರಲ್ಲಿ ಸಹಿ ಹಾಕಿದಳು. ಸಹಿಯೂ ಎಡಕ್ಕೆ ಎಳೆದಿತ್ತು.

ಮಗಳು ಅಲ್ಲೇ, ವಿಚಾರಿಸಿಟ್ಟಿದ್ದ ಡೇಕೇರಿಗೆ ಫೋನು ಮಾಡಿ ಬೇಡ ಎಂದಳು. "ಇದನ್ನ ತಳ್ಳೋಕೆ ನಿನ್ನ ಬಿಟ್ರೆ ಯಾರಿಂದ್ಲೂ ಆಗಲ್ಲ ಅಮ್ಮಾ" ಎಂದಳು. "ಎಲ್ಲೂ ಹೋಗ್ಬೇಡ."

ಗಂಟುಮೂಟೆ ಇದ್ದಲ್ಲೇ ಉಳಿಯಿತು. ತೊಂಬತ್ತೆಂಟು ಅಂಕದ ಬೂದು ಗಾಡಿ ಈಗ ತರಕಾರಿ ತರುತ್ತದೆ. ಅದರಲ್ಲಿ ಟೊಮೆಟೊಗಳು ಸೊಗಸಾಗಿ ನಿದ್ದೆ ಮಾಡುತ್ತವೆ.

ಕತೆ ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ. ಮಂಗಳವಾರ ಮಧ್ಯಾಹ್ನ ಕೂಸು ಆಡುತ್ತಿದ್ದಾಗ, ಏನೋ ಯೋಚಿಸುತ್ತಾ, ಸ್ಟ್ರೆಚರಮ್ಮ ಗಾಡಿಯ ಎಡ ಚಕ್ರಕ್ಕೆ ಅರ್ಧ ಸುತ್ತು ಕೊಟ್ಟು ಎಣ್ಣೆ ಬಿಟ್ಟಳು. ಐದಕ್ಕೆ ಅಂಗಳಕ್ಕಿಳಿದರೆ ಕಟ ಕಟ ಇಲ್ಲ. ಜಗ್ಗು ಇಲ್ಲ. ಕೂಸು ಕಣ್ಣರಳಿಸಿ ಅವಳ ಮುಖವನ್ನೇ ನೋಡಿತು. ಆಮೇಲೆ ಎಂಟರವರೆಗೆ ಏನಾಯಿತು ಎಂದು ಇಡೀ ಕಟ್ಟಡಕ್ಕೆ ಗೊತ್ತು.

ಬುಧವಾರ ಬೆಳಿಗ್ಗೆ ಅವಳು ಕಾರ್ಯದರ್ಶಿಯ ಮನೆ ಬಾಗಿಲು ತಟ್ಟಿದಳು.

"ಒಂದು ಹಿಡಿ ಮಣ್ಣು ಬೇಕಿತ್ತು. ನಿಮ್ಮ ಕುಂಡದ್ದು."

"ಯಾಕಮ್ಮ?"

"ಚಕ್ರಕ್ಕೆ."

ಕಾರ್ಯದರ್ಶಿ ನಿನ್ನೆ ಸಂಜೆಯನ್ನು ನೆನೆದ. ಕುಂಡವನ್ನೇ ಎತ್ತಿ ಕೊಟ್ಟ.

ಮೂವತ್ತೊಂದು ವರ್ಷ ಚಕ್ರದಿಂದ ಮಣ್ಣು ತೆಗೆದ ಕೈ ಅಂದು ಚಕ್ರಕ್ಕೆ ಮಣ್ಣು ಹಾಕಿತು. ನಟ್ಟು ಅರ್ಧ ಸುತ್ತು ಹಿಂದಕ್ಕೆ ತಿರುಗಿತು. ಅವನು ಇದ್ದಿದ್ದರೆ ಬೈಯುತ್ತಿದ್ದ. ಆಮೇಲೆ ಮಲಗುವವರನ್ನು ಕೇಳಿ ಸುಮ್ಮನಾಗುತ್ತಿದ್ದ.

ತಪಾಸಣೆಗೆಂದು ಹೆಡ್‌ಮೇಡಂ ಬಂದಿದ್ದರು. (ಈಗ ವಾರಕ್ಕೆ ಮೂರು ಸಲ ತಪಾಸಣೆ.) ಅವರಿಗೆ ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲ. ಅಂಗಳದ ಆ ತುದಿಗೆ ಒಂದು ಸ್ಟೂಲು ಒಯ್ದು ಕೂತರು. ಕನ್ನಡಕ ಏರಿಸಿಕೊಂಡರು.

"ಬಿಡಿ!" ಎಂದು ಕೂಗಿದರು.

ಸ್ಟ್ರೆಚರಮ್ಮ ಗಾಡಿಯೊಳಗೆ ಎರಡು ಸಲ ನೋಡಿದಳು. ಖಾಲಿ. ಮೆಲ್ಲಗೆ ನೂಕಿದಳು. ಕೈ ಬಿಟ್ಟಳು.

ಕಟ ಕಟ ಕಟ. ಗಾಡಿ ಹೋಯಿತು. ಆ ತುದಿಯಲ್ಲಿ ಹೆಡ್‌ಮೇಡಂ ಸ್ಟೂಲಿನಿಂದ ಎದ್ದು, ಎರಡು ಹೆಜ್ಜೆ ಬದಿಗೆ ಓಡಿ, ಎರಡೂ ಕೈ ಚಾಚಿ ಹಿಡಿದರು.

"ಎಡ ಬೀಗಿತಿಯವರೇ! ಚೆನ್ನಾಗಿ ಎಡ!"

"ಪಾಸು" ಎಂದಳು ಸ್ಟ್ರೆಚರಮ್ಮ.